ಮೊರದಂಗಡಿಯ ನೆರಳಲ್ಲಿ ಮಲಗಿದ್ದ ಮಗು

ಜ್ವರ ಬಿಟ್ಟಿತು, ಜೊತೆಗೇ ಮಾತೂ ಹೋಯಿತು. ನನ್ನ ಮಗ ನಾಣಿಗೆ ಆಗ ಮೂರು ವರ್ಷ. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವನ ಪಕ್ಕ ನೆಲದ ಮೇಲೆ ಮಲಗಿ ಕಳೆದ ದಿನಗಳನ್ನು ನೆನೆದರೆ ಇವತ್ತಿಗೂ ಸೊಂಟ ನೋಯುತ್ತದೆ. ಅಂತೂ ಮಗು ಉಳಿಯಿತು. ಕಿವಿ ಚೆನ್ನಾಗಿ ಕೇಳುತ್ತಿತ್ತು, ಆದರೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಬಾಯಿ ಸುಮ್ಮನಾಗಿತ್ತು. ಏನಾದರೂ ಬೇಕಾದರೆ ಚಪ್ಪಾಳೆ ತಟ್ಟಿ ನನ್ನನ್ನು ಕರೆಯುತ್ತಿದ್ದ. "ಬಂದ್ರೆ ಬರುತ್ತೆ ಕಣಮ್ಮ, ಕಾಯ್ಬೇಕು" ಎಂದು ಡಾಕ್ಟರು ಕೈತೊಳೆದುಕೊಂಡರು.

ಕಾದು ಕಾದು ಸಾಕಾಗಿ, ಮಾತು ಬರಲೆಂದು ಕೈವಾರದ ಅಮರನಾರಾಯಣ ಸ್ವಾಮಿಗೆ ಅವನ ಮುಡಿಯ ಹರಕೆ ಹೊತ್ತೆ. ಮೇಲೂರಿನ ನಮ್ಮ ಮನೆಯಲ್ಲಿ ಆಗ ರೇಷ್ಮೆ ಹುಳು ಹಗಲಿರುಳೂ ಸೊಪ್ಪು ಮೇಯುತ್ತಿತ್ತು. ಮನೆಯವರು ಬಿಟ್ಟು ಬರುವಂತಿರಲಿಲ್ಲ. ಅತ್ತೆಯೂ ನಾನೂ ಮಗುವನ್ನು ಎತ್ತಿಕೊಂಡು ಶಿಡ್ಲಘಟ್ಟ, ಚಿಂತಾಮಣಿ ಎಂದು ಬಸ್ಸು ಬದಲಿಸಿ ಹೋದೆವು.

ಮುಡಿ ಆಯಿತು. ತಲೆಗೆ ಗಂಧ ಬಳಿದು, ಅಂಚಿಗೆ ಅರಿಶಿನ ಹಚ್ಚಿದ ಹೊಸ ಅಂಗಿ ತೊಡಿಸಿದೆವು. ಅಂದು ಮುಡಿ ಕೊಟ್ಟ ಮಕ್ಕಳಿಗೆಲ್ಲ ಅದೇ ಗಂಧ, ಒಂದೇ ಅಂಗಡಿಯ ಅದೇ ಬಿಳಿ ಅಂಗಿ. ಆಮೇಲೆ ಅತ್ತೆಯ ವ್ಯಾಪಾರ ಶುರುವಾಯಿತು. ಕುಂಕುಮ, ಪುರಿ, ಬತ್ತಾಸು ಎಲ್ಲ ಆದಮೇಲೆ ಬಿದಿರಿನ ಮೊರದ ಅಂಗಡಿ. ಕೈವಾರಕ್ಕೆ ಬಂದು ಮೊರವಿಲ್ಲದೆ ಹೋಗುವುದೆಂದರೆ ಅವರಿಗೆ ದೇವರ ಮುಖ ನೋಡದೆ ಹೋದಷ್ಟೇ ಪಾಪ. ನಿದ್ದೆಗೆ ಜೋಲುತ್ತಿದ್ದ ನಾಣಿಯನ್ನು ಅಂಗಡಿಯ ಪಕ್ಕ, ಮೊರದ ರಾಶಿಯ ನೆರಳಲ್ಲಿ ಮಲಗಿಸಿದೆ. ಅಲ್ಲಿ ಆಗಲೇ ಇನ್ನೊಂದು ಮಗು ಗೋಡೆಗೆ ಮುಖಮಾಡಿ ಮಲಗಿತ್ತು. ಅತ್ತೆ ಒಂದೊಂದೇ ಮೊರವನ್ನು ಬೆರಳಲ್ಲಿ ತಟ್ಟಿ, "ಇದು ಸಡಿಲ, ಇದು ವಾರೆ" ಎನ್ನುತ್ತಾ ನನ್ನ ಪ್ರಾಣ ಹಿಂಡಿದರು. ಅಷ್ಟರಲ್ಲಿ ಬಸ್ಸಿನ ಹಾರನ್ನು. ಕೈಗೆ ಸಿಕ್ಕ ಒಂದು ಮೊರಕ್ಕೆ ದುಡ್ಡು ಕೊಟ್ಟು ಅತ್ತೆ ಕೂಗಿದರು, "ಎತ್ಕೊಳ್ಳೇ ಮಗೂನ, ಇದು ಬಿಟ್ರೆ ಇನ್ನು ಬಸ್ಸಿಲ್ಲ!"

ಬಾಚಿ ಎತ್ತಿಕೊಂಡೆ. ಬಿಸಿಲು ತಾಗದಂತೆ ಸೆರಗು ಮುಚ್ಚಿ, ನೂಕಾಡಿ ಹತ್ತಿ, ಸೀಟು ಸಿಕ್ಕಿದ್ದೇ ಕಣ್ಣು ಮುಚ್ಚಿದೆ. ಊರು ದಾಟಿ ಬಹಳ ದೂರ ಬಂದಮೇಲೆ ಸೆರಗಿನೊಳಗಿನಿಂದ ಒಂದು ಸಣ್ಣ ದನಿ ಬಂತು. "ಅಮ್ಮ ಕಾವಾಲ." ಅಮ್ಮ ಬೇಕು ಎಂದು, ತೆಲುಗಿನಲ್ಲಿ. ನಮ್ಮ ಕಡೆ ಮನೆಮನೆಯಲ್ಲೂ ತೆಲುಗು ಇದ್ದದ್ದೇ. "ಅತ್ತೇ, ಮಾತು ಬಂತು! ಸ್ವಾಮಿ ಕಣ್ಣು ಬಿಟ್ಟ!" ಎಂದು ಕೂಗಿಬಿಟ್ಟೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಸೆರಗು ಸರಿಸಿದೆ. ಅದು ನನ್ನ ಮಗುವಲ್ಲ.

ಬಸ್ಸು ನಿಲ್ಲಿಸಿ ಇಳಿದೆವು. ಅತ್ತೆ ಮೊರವನ್ನು ರಸ್ತೆಗೆ ಎಸೆದು, "ಹೆತ್ತೋಳಿಗೇ ಗುರ್ತು ಸಿಗಲಿಲ್ವೇನೇ?" ಎಂದರು. ಮರುಕ್ಷಣ ಅವರೇ, "ನಾನೂ ನೋಡ್ಲಿಲ್ವಲ್ಲಮ್ಮ" ಎಂದು ಅತ್ತರು. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ಪರರ ಮಗು ಸೊಂಟದ ಮೇಲೆ, ಕಾಲಡಿ ಕಾದ ಮಣ್ಣು. ಅದು ದಾರಿಯುದ್ದಕ್ಕೂ ಮಾತಾಡುತ್ತಲೇ ಇತ್ತು, ನೀರು ಬೇಕು, ಅಮ್ಮ ಬೇಕು. ನನ್ನದನ್ನು ಯಾರಾದರೂ ಎತ್ತಿಕೊಂಡು ಹೋದರೆ? ಊರು ಯಾವುದು ಎಂದರೆ ಏನು ಹೇಳೀತು? "ಸ್ವಾಮಿ, ಮಾತು ಬೇಡಪ್ಪ. ಕೇಳಿದ್ದೇ ತಪ್ಪಾಯಿತು. ನನ್ನ ಮೂಗನನ್ನು ನನಗೆ ಕೊಡು" ಎಂದು ದಾರಿಯುದ್ದಕ್ಕೂ ಬೇಡಿದೆ.

ಹೊತ್ತು ಇಳಿದಿತ್ತು. ಊರು ಮುಟ್ಟಿದಾಗ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಆ ಗದ್ದಲದಲ್ಲಿ ಕೇಳಿತು ಚಪ್ಪಾಳೆ. ನಿಲ್ಲುತ್ತದೆ, ಮತ್ತೆ ತಟ್ಟುತ್ತದೆ. ಸೋತ ಕಾಲಿಗೆ ಎಲ್ಲಿಂದ ಶಕ್ತಿ ಬಂತೋ, ಓಡಿದೆ.

ಮೊರದಂಗಡಿಯ ಮೆಟ್ಟಿಲ ಮೇಲೆ ಗಡಿಯಾಚೆಯ ತೆಲುಗು ಸೀಮೆಯ ಹೆಂಗಸೊಬ್ಬಳು ನಾಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಳುತ್ತಿದ್ದಳು. ತನ್ನ ಮಗುವನ್ನು ಕಂಡದ್ದೇ ಕಸಿದುಕೊಂಡಳು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ನಾಣಿಯ ಕೈ ಬಿಡಿಸಿ ತೋರಿಸಿದಳು. "ನೋಡಮ್ಮ, ಎಷ್ಟು ಕೆಂಪಾಗಿದೆ. ಮಧ್ಯಾಹ್ನದಿಂದ ತಟ್ತಾನೇ ಇದಾನೆ. ಅವನು ನಿಲ್ಲಿಸ್ದಾಗ ನಾನು ತಟ್ಟಿದೆ. ಕರೀತಿದಾನೆ ಅಂತ ಗೊತ್ತಾಯ್ತು, ಯಾರನ್ನ ಅಂತ ಗೊತ್ತಾಗ್ಲಿಲ್ಲ" ಎಂದು ತೆಲುಗಿನಲ್ಲೇ ಹೇಳಿದಳು.

ಅವನಿಗೆ ಮಾತು ಬರಲೇ ಇಲ್ಲ. ಈಗ ಬೆಳೆದು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾನೆ. ಹರಕೆ ಫಲಿಸದ ದೇವರ ಹತ್ತಿರ ವರ್ಷವರ್ಷವೂ ಯಾಕೆ ಹೋಗುತ್ತೀ ಎಂದು ನೆಂಟರು ಕೇಳುತ್ತಾರೆ. ಅವರಿಗೇನು ಗೊತ್ತು? ಅಂದು ನಾನು ಬೇಡಿದ್ದು ಎರಡು. ಮೊದಲನೆಯದನ್ನು ನಾನೇ ದಾರಿಯಲ್ಲಿ ಹಿಂದಕ್ಕೆ ತೆಗೆದುಕೊಂಡೆ, ಎರಡನೆಯದನ್ನು ಸ್ವಾಮಿ ಕತ್ತಲಾಗುವುದರೊಳಗೆ ಕೊಟ್ಟ. ಅವನ ಪಾದ ನಂಬಿದವರು ಇದನ್ನು ತಿಳಿಯಲೆಂದು ಬರೆದೆ.

ಇನ್ನು ಏಳಬೇಕು. ಹಿತ್ತಲಿನಿಂದ ಚಪ್ಪಾಳೆ ಕೇಳುತ್ತಿದೆ, ನನ್ನ ಮಗನಿಗೆ ಹಸಿವಾಗಿದೆ.