ಕರೆಂಟ್ ಹೋದಾಗ ಪಾಸಾದ ಹಪ್ಪಳ

ಮೂರು ವರ್ಷದ ಹಿಂದಿನ ಮಾಘ ಮಾಸ. ಸಿಂಗಟಗೆರೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ನಮ್ಮ ಹಪ್ಪಳದ ಗುಂಪಿನ ಗಿರಿಜಮ್ಮ ಫೋನು ಮಾಡಿದಳು. "ಅಕ್ಕಾ, ಬೇಗ ಬಾ. ತರೀಕೆರೆ ರುದ್ರಣ್ಣ ಬಂದವ್ರೆ. ಈ ಸಲದ ಹಪ್ಪಳ ಒಂದೂ ಬ್ಯಾಡ ಅಂತವ್ರೆ." ಕೈ ಸೆರಗಿಗೆ ಒರೆಸಿಕೊಂಡು ಓಡಿದೆ.

ನಾವು ಎಂಟು ಹೆಂಗಸರು ಸೇರಿ ಉದ್ದಿನ ಹಪ್ಪಳ ಲಟ್ಟಿಸುತ್ತಿದ್ದೆವು. ಅದರಲ್ಲಿ ನನ್ನದು ಪಾಸು-ಫೇಲು ಮಾಡುವ ಕೆಲಸ. ಒಣಗಿದ ಹಪ್ಪಳವನ್ನು ಅಂಗಳದ ಬೆಳಕಿನಲ್ಲಿ ನೋಡಿ, ಹೆಬ್ಬೆರಳಾಡಿಸಿ, ತರಿ ಸಿಕ್ಕರೆ ತೆಗೆದಿಡುವುದು. ರುದ್ರಣ್ಣ ಮದುವೆ ಅಡುಗೆಯ ಕಂಟ್ರಾಕ್ಟರ್. ನಮ್ಮ ಮಾಲು ಕೊಳ್ಳುತ್ತಿದ್ದವರು ಅವರೊಬ್ಬರೇ. ಅವರು ಬೇಡವೆಂದರೆ ಗುಂಪು ಮುಚ್ಚಿದಂತೆಯೇ. ಅದೂ ನಾನು ಪಾಸು ಮಾಡಿದ ಮಾಲಿನಿಂದ.

ಗಾಳಿ ತಗುಲಿದರೆ ಹಪ್ಪಳದ ಅಂಚು ಬಿರಿಯುತ್ತದೆಂದು ಗುಂಪಿನವರು ಮಾಲು ಇಡುವ ಕೋಣೆಯ ಕಿಟಕಿಯನ್ನು ಹಗಲೂ ಮುಚ್ಚಿರುತ್ತಿದ್ದೆವು. ಆ ವಾರವಷ್ಟೇ ಹೊಸ ಟ್ಯೂಬ್‌ಲೈಟ್ ಬಂದಿತ್ತು. ಎದುರು ಗೋಡೆಯಲ್ಲಿ ಅನ್ನಪೂರ್ಣೇಶ್ವರಿಯ ಪಟ. ತಾಯಿಯ ನೆತ್ತಿಯ ಮೇಲೆ ವಯರ್ ಎಳೆಯಬಾರದೆಂದು ನಾನೇ ಹಟ ಹಿಡಿದು, ಲೈಟನ್ನು ಪಕ್ಕದ ಗೋಡೆಗೆ, ಮೇಜಿನ ಮಟ್ಟಕ್ಕೆ ಹಾಕಿಸಿದ್ದೆ. ಬೆಳಕು ಓರೆಯಾಗಿ ಬಿದ್ದು, ಸಾಸಿವೆಯಷ್ಟು ಉಬ್ಬೂ ನೆರಳು ಚಾಚಿ ಗುಡ್ಡದಂತೆ ಕಾಣುತ್ತಿತ್ತು.

"ಏನಮ್ಮಾ ಇದು, ಹಪ್ಪಳವೋ, ದನ ತುಳಿದ ಕೆರೆ ಅಂಗಳವೋ?" ಎಂದರು ರುದ್ರಣ್ಣ.

"ಉಜ್ಜಿ ನೋಡಣ್ಣ" ಎಂದೆ.

"ಉಜ್ತಾನೇ ಇದೀನಲ್ಲ! ತರಿತರಿ ಅಂತೈತೆ."

ನಾನೂ ಒಂದನ್ನು ತೆಗೆದುಕೊಂಡು ಉಜ್ಜಿದೆ. ದೇವರಾಣೆ, ನನ್ನ ಬೆರಳಿಗೂ ತರಿಯೇ ಎನಿಸಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಹೋದದ್ದಕ್ಕೆ ನಾನು ಕೈಮುಗಿದದ್ದು ಜನ್ಮದಲ್ಲಿ ಅದೊಂದೇ ಸಲ. ಕತ್ತಲಲ್ಲಿ ನನ್ನ ಹೆಬ್ಬೆರಳು ಅದೇ ಹಪ್ಪಳದ ಮೇಲೆ ಇನ್ನೂ ಆಡುತ್ತಿತ್ತು. ತರಿ ಇರಲಿಲ್ಲ!

"ಗಿರಿಜಾ, ಕಿಟಕಿ ತೆಗೀಬೇಡ. ಡಬ್ಬಿಲಿರೋ ಹಳೇ ಹಪ್ಪಳ ಒಂದು ಕೊಡು" ಎಂದೆ. ಹಿಂದಿನ ಸಲ ರುದ್ರಣ್ಣನವರೇ ಹೊಗಳಿ ಒಯ್ದ ಮಾಲಿನಲ್ಲಿ ಉಳಿದದ್ದು ಅದು. ಅದನ್ನು ಅವರ ಬಲಗೈಗೂ ಹೊಸದನ್ನು ಎಡಗೈಗೂ ಇಟ್ಟೆ. "ಯಾವುದು ನುಣುಪು, ಹೇಳಿ."

"ನನ್ನ ಕಣ್ಣಾಮುಚ್ಚಾಲೆ ಆಡಿಸ್ತೀಯಾ ತಾಯಿ?" ಎನ್ನುತ್ತಲೇ ಉಜ್ಜಿದರು. "ಎಡಗೈದು. ಬಲಗೈದು ವಸಿ ಒರಟು."

"ಖಾತ್ರಿನಾ?"

"ಮೂವತ್ತು ವರ್ಷದಿಂದ ಹಿಟ್ಟಲ್ಲೇ ಕೈ ಇಟ್ಕಂಡಿರೋನು ಕಣಮ್ಮಾ ನಾನು!"

ಗಿರಿಜಮ್ಮ ಕಿಟಕಿ ತೆರೆದಳು. ಎಡಗೈಯಲ್ಲಿದ್ದದ್ದು ಅವರು ಬೇಡವೆಂದ ಹಪ್ಪಳ. ಹೆಂಗಸರೆಲ್ಲ ಗೊಳ್ಳೆಂದರು. ರುದ್ರಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ನನ್ ಕಣ್ಣೇ ನನ್ ಬೆರಳಿಗೆ ಚಾಡಿ ಹೇಳ್ತಲ್ಲಮ್ಮಾ!" ಎಂದು ತಾವೂ ನಕ್ಕರು. ಇದ್ದಷ್ಟನ್ನೂ ಕಟ್ಟಿಸಿಕೊಂಡರು, ಅಜ್ಜಂಪುರದ ಒಂದು ಮದುವೆಗೂ ನಮ್ಮದೇ ಬೇಕೆಂದರು.

ಕಟ್ಟುವಾಗ ಒಂದರಲ್ಲಿ ನನ್ನ ಬೆರಳಿಗೆ ಮರಳು ಸಿಕ್ಕಿತು. ಎಸೆಯಲು ಹೋಗಿ ನೋಡಿದರೆ ಜೀರಿಗೆಯ ಚೂರು. "ಚಾಡಿ ಹೇಳಾಕೆ ಈಗ ನಿನ್ ಬೆರಳಿನ ಸರದಿ ಕಣಕ್ಕಾ" ಎಂದು ಗಿರಿಜಮ್ಮ ಅಣಕಿಸಿದಳು. ಅವಳ ಮಾತೂ ಸರಿಯೇ.

ಮಾರನೆಯ ದಿನ ಲೈಟನ್ನು ಚಾವಣಿಗೆ ಏರಿಸಿದೆವು. ಪಟದ ತಾಯಿ ಬೇಸರ ಮಾಡಿಕೊಳ್ಳಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು: ಕಣ್ಣು ಮುಂದೆ ಓಡಿ ತೀರ್ಪು ಹೇಳಿಬಿಡುತ್ತದೆ, ಬೆರಳು ಸುಮ್ಮನೆ ತಲೆಯಾಡಿಸುತ್ತದೆ. ಅದಕ್ಕೇ ಮೊದಲು ಕಣ್ಣು ಮುಚ್ಚಿ ಉಜ್ಜು, ಆಮೇಲೆ ಕಣ್ಣು ಬಿಟ್ಟು ನೋಡು. ಇಬ್ಬರೂ ಒಪ್ಪಿದರೆ ಪಾಸು.

ಲೈಟು ಏರಿಸಿ ಅಂದು ಮನೆಗೆ ಬರುವಷ್ಟರಲ್ಲಿ ಕಾಯಿಸಿಟ್ಟಿದ್ದ ಹಾಲು ಆರುತ್ತಿತ್ತು. ಕೈ ತೊಳೆದು ಕಣ್ಣು ಮುಚ್ಚಿ ಕಿರುಬೆರಳು ಅದ್ದಿದೆ, ಕಣ್ಣು ಬಿಟ್ಟು ಹಬೆ ನಿಂತದ್ದನ್ನು ನೋಡಿದೆ, ಹೆಪ್ಪು ಹಾಕಿದೆ.