ಬೆತ್ತಲೆ ತೀರದ ದೋಣಿಗಾರ

ಒಆಹಾಕಾ ಕರಾವಳಿಯಲ್ಲಿ ಜನ ಬಟ್ಟೆಯಿಲ್ಲದೆ ಬಿಸಿಲು ಕಾಯಿಸುವ ಆ ಬೆತ್ತಲೆ ತೀರಕ್ಕೆ ಎವರಿಸ್ತೊ ಸರಾತೆಯ ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಇಳಿದವರು ಬಟ್ಟೆ ಬಿಚ್ಚಿದರೂ ಒಂದೇ, ಉಟ್ಟುಕೊಂಡಿದ್ದರೂ ಒಂದೇ. ಅವನ ಕಣ್ಣು ಮುಖದಿಂದ ಕೆಳಗಿಳಿಯದು. ಯಾರಾದರೂ ಫೋಟೋ ತೆಗೆಯಲು ಫೋನೆತ್ತಿದರೆ ಮಾತ್ರ ಹುಟ್ಟು ಹಿಡಿದೇ ಬರುತ್ತಾನೆ: “ಒಳಗಿಡಯ್ಯಾ! ಅವರು ಬಿಚ್ಚಿರೋದು ಬಿಸಿಲಿಗೆ, ನಿನಗಲ್ಲ.” ನಡುಹಗಲಲ್ಲಿ ಎಲ್ಲರನ್ನೂ ನೆರಳಿಗಟ್ಟುತ್ತಾನೆ, ನೀರು ಮೊಣಕಾಲು ದಾಟಿದರೆ ಸಿಳ್ಳೆ ಹೊಡೆಯುತ್ತಾನೆ. “ಬೆತ್ತಲೆಯವರಿಗೂ ಒಬ್ಬ ಪಾದ್ರಿ ಸಿಕ್ಕಿದನಪ್ಪಾ!” ಎಂದು ಬಂದವರು ನಗುತ್ತಾರೆ. ನಗಲಿ. ಹೆಸರು, ಊರು ಹೇಳದವರನ್ನು ಮಾತ್ರ ಅವನು ದೋಣಿ ಹತ್ತಿಸುವುದೇ ಇಲ್ಲ. ಮೊದಲು ಹೀಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವನೇ ಕರೆತಂದಿದ್ದ ತರುಣನೊಬ್ಬನನ್ನು ಕಡಲಿನ ಒಳಸೆಳೆತ ಎಳೆದೊಯ್ದು, ಮೂರನೆಯ ದಿನ ದಡಕ್ಕೆ ತಂದು ಹಾಕಿತು. ಅವನ ಚೀಲವನ್ನೂ ಅಲೆ ಒಯ್ದಿತ್ತು. ಮೈಮೇಲೆ ಜೇಬಿಲ್ಲ, ಚೀಟಿಯಿಲ್ಲ. ಎವರಿಸ್ತೊ ತನ್ನ ಅಂಗಿ ಬಿಚ್ಚಿ ಹೊದಿಸಿದ. ಹುಡುಕಿಕೊಂಡು ಯಾರೂ ಬರಲಿಲ್ಲ. ಹೂಳುವಾಗ ಸಮಾಧಿಯ ಶಿಲುಬೆಯ ಮೇಲೆ ಏನು ಬರೆಯಲೆಂದು ಬಡಗಿ ಕೇಳಿದಾಗ, “ಸರಾತೆ ಅಂತ ಬರಿ. ನಮ್ಮನೆ ಹೆಸರೇ ಇರ್ಲಿ,” ಅಂದ. ನವೆಂಬರಿನಲ್ಲಿ ಸತ್ತವರ ಹಬ್ಬ ಬಂದರೆ ಅವನ ಹೆಂಡತಿ ಓಬ್ದುಲಿಯಾ ಮನೆಯ ಹಿರಿಯರ ಜೊತೆ ಆ ಹುಡುಗನಿಗೂ ಎಡೆಯಿಡುತ್ತಾಳೆ. “ಪಾಪ, ಅವನಿಗೆ ಏನು ಸೇರ್ತಿತ್ತೋ, ಯಾರನ್ನ ಕೇಳೋಣ?” ಎನ್ನುತ್ತ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಬಡಿಸುತ್ತಾಳೆ.