ಕೊನೆಯ ಸಾಲಿನಿಂದ ಓದುತ್ತಿದ್ದ ಕೋದಂಡರಾಮಪ್ಪನವರು

ಕೋಲಾರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಅಧ್ಯಾಪಕರು ಹಲವರಿದ್ದಾರೆ. ಆದರೆ ಪಾಠ ಮುಗಿಸಿ ಹೊರಟುಹೋದ ವಿದ್ಯಾರ್ಥಿಗೆ, ಆತ ಡಾಕ್ಟರೇಟ್ ಪಡೆದ ಮೇಲೂ, ಸಂಶೋಧನೆ ಮುಂದುವರಿಸಲು ಒಂದು ಸ್ಥಾನವನ್ನು ಹುಡುಕಿಕೊಡುವುದು ತಮ್ಮ ಹೊಣೆಯೆಂದು ತಿಳಿದವರು, ನಾನು ಕಂಡಂತೆ, ಶ್ರೀ ಕೋದಂಡರಾಮಪ್ಪನವರೊಬ್ಬರೇ. ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ವಯಸ್ಸಿನಲ್ಲಿ ಹಿರಿಯ. ಆದರೂ ಅವರಿಗೆ ಕೈಮುಗಿದೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ಸರ್ಕಾರದ ಹುದ್ದೆಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು. ರೋಗಗಳ ಸಂಶೋಧನೆಗೆ ಹಣ ಕೊಡುವ ಧರ್ಮಸಂಸ್ಥೆಗಳಲ್ಲಿಯೂ ಎರಡು ಮೂರು ವರ್ಷಗಳ ಹುದ್ದೆಗಳಿರುತ್ತಿದ್ದವು. ಅವುಗಳ ಸುದ್ದಿ ಮಾತ್ರ ನಮ್ಮ ಕಡೆಗೆ ತಲುಪುತ್ತಿರಲಿಲ್ಲ. ಕೋದಂಡರಾಮಪ್ಪನವರು ರಜೆಯಲ್ಲಿ ಬೆಂಗಳೂರಿಗೆ ಹೋಗಿ, ಗ್ರಂಥಾಲಯದಲ್ಲಿ ಕುಳಿತು, ವೈದ್ಯವಿಜ್ಞಾನದ ಲೇಖನಗಳನ್ನು ಕೊನೆಯಿಂದ ಓದುತ್ತಿದ್ದರು. ಹಣ ಕೊಟ್ಟವರಿಗೆ ಲೇಖಕರು ಕೃತಜ್ಞತೆ ಹೇಳುವುದು ಅಲ್ಲಿಯೇ ಅಲ್ಲವೆ?

"ಅನ್ನ ಎಲ್ಲಿಂದ ಬಂತು ಅಂತ ಇಲ್ಲಿ ಬರ್ದಿರ್ತಾರೆ ಸ್ವಾಮಿ, ಮಿಕ್ಕಿದ್ದು ಆಮೇಲೆ ಓದಿದ್ರಾಯ್ತು" ಎಂದು ನಗುತ್ತಿದ್ದರು. ಆ ಹೆಸರು ಹಿಡಿದು ಸಂಸ್ಥೆಯವರನ್ನು ವಿಚಾರಿಸುತ್ತಿದ್ದರು. ಅವರ ವಿದ್ಯಾರ್ಥಿ ಮಾಲೂರಿನ ಕದಿರೇಶನಿಗೆ ಕ್ಷಯರೋಗದ ಸಂಶೋಧನೆಯಲ್ಲಿ ಸ್ಥಾನ ದೊರೆತದ್ದು ಹೀಗೆಯೇ.

೧೯೮೪ರಲ್ಲಿ, ಅವರಲ್ಲಿಯೇ ರಸಾಯನಶಾಸ್ತ್ರ ಕಲಿತಿದ್ದ ನನ್ನ ಮಗಳು ಆದಿಲಕ್ಷ್ಮಿ, ನೀರಿನಲ್ಲಿರುವ ಫ್ಲೋರೈಡ್ ಮೂಳೆಗಳಿಗೆ ಮಾಡುವ ಹಾನಿಯನ್ನು ಕುರಿತು ಬರೆದು ಡಾಕ್ಟರೇಟ್ ಪಡೆದಳು. ವಿದ್ಯಾರ್ಥಿವೇತನ ನಿಂತಿತು, ಎಲ್ಲಿಯೂ ಸ್ಥಾನ ಸಿಗದಿದ್ದರೆ ಆ ಕೆಲಸವನ್ನು ಅಲ್ಲಿಗೇ ಬಿಡಬೇಕಾಗಿತ್ತು. ಕೋದಂಡರಾಮಪ್ಪನವರು ಮದರಾಸಿನಲ್ಲಿ ಆಸ್ಪತ್ರೆ ನಡೆಸುವ ಒಂದು ಧರ್ಮಸಂಸ್ಥೆಯಲ್ಲಿ ಅದೇ ವಿಷಯದ ಹುದ್ದೆಯೊಂದನ್ನು ಪತ್ತೆಮಾಡಿ ನಮ್ಮ ಮನೆಗೆ ಬಂದರು. ವಾರದೊಳಗೆ ಒಪ್ಪಿಗೆ ತಿಳಿಸಬೇಕಾಗಿತ್ತು.

"ಅಕ್ಕಾ, ಹುಡುಗೀನ ಮದರಾಸಿನ ಧರ್ಮಾಸ್ಪತ್ರೆಗೆ ಸೇರಿಸ್ತಾ ಇದೀವಿ" ಎಂದರು ನನ್ನ ಮನೆಯಾಕೆ ಅನಸೂಯಮ್ಮನಿಗೆ.

ಆಕೆ ಹೌಹಾರಿದಳು. "ಏನ್ ಮೇಷ್ಟ್ರೇ, ನನ್ನ ಮಗಳಿಗೇನು ಬಂದೈತೆ? ಗುಂಡುಕಲ್ಲಿನಂಗವಳೆ!"

"ಅಯ್ಯೋ, ಕಾಯಿಲೆ ಅವಳಿಗಲ್ಲಕ್ಕಾ. ಯಲ್ದೂರಲ್ಲಿ ನಿಮ್ಮಕ್ಕ ಮುನಿಯಲ್ಲಮ್ಮ ಬೆನ್ನು ಬಗ್ಗಿ ನೆಲ ನೋಡ್ಕೊಂಡೇ ನಡೀತಾರಲ್ಲ, ಆ ಕಾಯಿಲೆ ಯಾಕೆ ಬರ್ತದೆ ಅಂತ ಹುಡುಕೋಕೆ. ಸೇರೋದು ಕೆಲಸಕ್ಕೆ, ಮಂಚಕ್ಕಲ್ಲ."

"ಸಂಬಳ ಯಾರು ಕೊಡ್ತಾರೆ?"

"ಪುಣ್ಯಾತ್ಮರು ಧರ್ಮಕ್ಕೆ ಅಂತ ಬಿಟ್ಟುಹೋದ ದುಡ್ಡಲ್ಲಿ ಕೊಡ್ತಾರೆ."

"ಇಷ್ಟು ಓದ್ಸಿ ಧರ್ಮದ ಕೂಳು ತಿನ್ನಿಸ್ಬೇಕಾ? ಕಳ್ಸಲ್ಲ!"

ಮಗಳು ತಲೆ ತಗ್ಗಿಸಿದಳು. ಕೋದಂಡರಾಮಪ್ಪನವರು ಮೆಲ್ಲನೆ, "ಧರ್ಮಕ್ಕೆ ಬಾವಿ ತೋಡಿಸ್ತಾರಲ್ಲಕ್ಕಾ, ತೋಡೋರಿಗೆ ಕೂಲಿ ಕೊಡಲ್ವಾ? ಧರ್ಮ ಅನ್ನೋದು ನೀರು ಕುಡಿಯೋರಿಗೆ. ತೋಡೋರ್ದು ಬೆವರಿನ ಅನ್ನ" ಎಂದರು.

ಅನಸೂಯಮ್ಮ, "ಅದನ್ನ ಮೊದಲೇ ಹೇಳಕ್ಕಾಗ್ಲಿಲ್ವಾ? ಕಾಲೇಜಲ್ಲೂ ಇಂಗೇ ಪಾಠ ಹೇಳ್ತೀರಾ?" ಎಂದು ಗದರಿಸಿ, ಮಗಳ ಕಡೆ ತಿರುಗಿದಳು. "ಹೋಗಮ್ಮಾ. ಅಲ್ಲಿ ಹುಳಿ ಜಾಸ್ತಿ ಹಾಕ್ತಾರಂತೆ, ನೋಡ್ಕೊಂಡು ಉಣ್ಣು."

ಮುನಿಯಲ್ಲಮ್ಮನ ಬೆನ್ನು ನೆಟ್ಟಗಾಗಲಿಲ್ಲ. ಆದರೆ ಯಾವ ಬೋರಿನ ನೀರು ಕುಡಿಯಬಾರದೆಂದು ಆದಿಲಕ್ಷ್ಮಿ ತೋರಿಸಿಕೊಟ್ಟ ಮೇಲೆ, ಆಕೆಯ ಮೊಮ್ಮಕ್ಕಳು ಈಗ ಬೇರೆ ನೀರು ಕುಡಿಯುತ್ತಿದ್ದಾರೆ. ಕಳೆದ ಕಾರ್ತಿಕದಲ್ಲಿ ಅನಸೂಯಮ್ಮ ದೈವಾಧೀನಳಾದಳು. ಮಗಳ ಕೆಲಸವನ್ನು ಕಣ್ಣಾರೆ ಕಂಡು ಹೋದಳೆಂಬುದೇ ನನಗುಳಿದ ಸಮಾಧಾನ. ಅದನ್ನು ಕರುಣಿಸಿದವನು ಭಗವಂತ, ಮನೆ ಬಾಗಿಲಿಗೆ ತಂದವರು ಕೋದಂಡರಾಮಪ್ಪನವರು.

ಮೊನ್ನೆ ಅವರು ನಿವೃತ್ತರಾದಾಗ ಬೀಳ್ಕೊಡುಗೆಗೆ ಬಂದಿದ್ದ ಆದಿಲಕ್ಷ್ಮಿ, "ಸಾರ್, ಈಗ ನನ್ನ ಕೈಕೆಳಗೊಂದು ಜಾಗ ಇದೆ. ಯಾರನ್ನಾದ್ರೂ ಕಳಿಸ್ತೀರಾ?" ಎಂದು ಕೇಳಿದಳು. ಅವರು ಕೊರಳ ಹಾರವನ್ನೂ ತೆಗೆಯದೆ, "ಮುಳಬಾಗಿಲಲ್ಲಿ ಒಬ್ಬ ಇದಾನಮ್ಮ. ನಾಳೆ ಮೊದಲ ಬಸ್ಸಿಗೇ ಹೋಗ್ತೀನಿ" ಎಂದರು.

ಕೋಲಾರಮ್ಮ ತಾಯಿ ಅವರಿಗೆ ದೀರ್ಘಾಯುಸ್ಸನ್ನೂ, ಬಸ್ಸು ಹತ್ತಿಳಿಯುವ ಕಾಲುಬಲವನ್ನೂ ಕೊಡಲಿ. ಮುಳಬಾಗಿಲಿನ ಹುಡುಗ ಒಪ್ಪಿದ್ದಾನೆ.